ಕಚ್ಚು ಆಮೇಲೆ, ಪಟ್ಟಿ ಮೊದಲು

ಇವತ್ತು ಸ್ವಲ್ಪ ಜಗಳ ತೆಗೆಯೋಣ ಅಂತಲೇ ಬಂದಿದ್ದೇನೆ. ಸ್ವಂತ ಕೈಯಿಂದ ವಿಮಾನ ಕಟ್ಟುವವರಲ್ಲಿ ಎಷ್ಟೋ ಜನ ನಕ್ಷೆ ನೋಡಿ ಮೊದಲೇ ಫಾರ್ಮರ್‌ಗಳಲ್ಲಿ, ಅಂದರೆ ಒಡಲಿಗೆ ಅಡ್ಡಲಾಗಿ ನಿಂತು ಪಟ್ಟಿಗಳನ್ನು ಹಿಡಿಯುವ ತುಂಡುಗಳಲ್ಲಿ, ಕಚ್ಚು ಕೊರೆದುಬಿಡುತ್ತಾರೆ. ಆಮೇಲೆ ಸ್ಟ್ರಿಂಗರ್ ಅನ್ನುವ ಉದ್ದನೆಯ ಮರದ ಪಟ್ಟಿಗಳನ್ನು ಅದರೊಳಗೆ ತುರುಕುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ ಕೆಲಸ.

ನಾನು ಹೇಳುತ್ತಿರುವುದು ಸ್ಟೀಲ್ ಪೈಪ್ ವೆಲ್ಡ್ ಮಾಡಿ, ಮೇಲೆ ಬಟ್ಟೆ ಹೊದಿಸುವ ವಿಮಾನದ ಬಗ್ಗೆ. ಅಲ್ಲಿ ಭಾರ ಹೊರುವುದು ಪೈಪುಗಳು. ಮರದ ಸ್ಟ್ರಿಂಗರ್‌ಗಳು ಬಟ್ಟೆಯನ್ನು ಎತ್ತಿ ಹಿಡಿದು ಒಡಲಿಗೆ ಆಕಾರ ಕೊಡುತ್ತವೆ, ಅಷ್ಟೇ. ಹಾಗಾಗಿಯೇ ಅವುಗಳ ಬಗ್ಗೆ ಉದಾಸೀನ ಜಾಸ್ತಿ. ಆದರೆ ಬಣ್ಣ ಹೊಡೆದ ಮೇಲೆ ಕಣ್ಣಿಗೆ ಬೀಳುವುದು ಇವೇ ಅಲ್ವಾ?

ವೆಲ್ಡಿಂಗ್ ಶಾಖಕ್ಕೆ ಪೈಪು ಎಳೆದುಕೊಳ್ಳುತ್ತದೆ. ಎಷ್ಟೇ ಹುಷಾರಾಗಿದ್ದರೂ ಚೌಕಟ್ಟು ಅಲ್ಲಿ ಇಲ್ಲಿ ಕೆಲವು ಮಿಲಿಮೀಟರ್ ಆಚೀಚೆ ಆಗಿರುತ್ತದೆ. ನಕ್ಷೆಗೆ ಅದು ಹೇಗೆ ಗೊತ್ತಾಗಬೇಕು? ಅದರ ಅಳತೆಗೇ ಕಚ್ಚು ಕೊರೆದರೆ ಆ ಸೊಟ್ಟವೆಲ್ಲ ಪಟ್ಟಿಗೆ ಬರುತ್ತದೆ. ಅದರ ಬದಲು ಕಚ್ಚಿಲ್ಲದ ಫಾರ್ಮರ್‌ಗಳ ಮೇಲೆ ಪಟ್ಟಿಯನ್ನು ಕ್ಲ್ಯಾಂಪ್‌ನಲ್ಲಿ ಸುಮ್ನೆ ಹಿಡಿದಿಡಿ. ಬಾಲದ ಕಡೆ ಹೋಗಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಒಳ್ಳೆಯ ಪಟ್ಟಿ ತಾನಾಗಿಯೇ ನಯವಾಗಿ ಬಾಗುತ್ತದೆ. ಉಬ್ಬು ಕಂಡಲ್ಲಿ ಕ್ಲ್ಯಾಂಪ್ ಸಡಿಲಿಸಿ, ಅದು ಎಲ್ಲಿ ಕೂರಲು ಬಯಸುತ್ತದೋ ಅಲ್ಲಿ ಗುರುತು ಹಾಕಿ. ಕಚ್ಚು ಕೊರೆಯುವುದು ಆಮೇಲೆ.

ಎಡ ಬಲ ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಅನ್ನುವವರಿದ್ದಾರೆ. ಎರಡು ಮೂರು ಮಿಲಿಮೀಟರ್ ಬಿಟ್ಟುಬಿಡಿ ಅನ್ನುತ್ತೇನೆ ನಾನು. ಎರಡು ಪಕ್ಕವನ್ನೂ ಒಟ್ಟಿಗೆ ಯಾರೂ ನೋಡುವುದಿಲ್ಲ. ಒಂದೇ ಪಕ್ಕದಲ್ಲಿರುವ ಉಬ್ಬು ಮಾತ್ರ ಬಿಸಿಲಲ್ಲಿ ಎದ್ದು ಕಾಣುತ್ತದೆ.

ಇದೆಲ್ಲ ನಡೆಯಬೇಕಾದರೆ ಮರ ಚೆನ್ನಾಗಿರಬೇಕು. ಸಿಟ್ಕಾ ಸ್ಪ್ರೂಸ್ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಡಗ್ಲಸ್ ಫರ್ ಗಟ್ಟಿ, ಆದರೆ ತೂಕ ಜಾಸ್ತಿ, ಸೀಳುವುದೂ ಬೇಗ. ಬಾಲದ ಕಡೆ ಸೇರುವ ತೂಕ ವಿಮಾನದ ಸಮತೋಲವನ್ನೇ ಹಿಂದಕ್ಕೆ ಎಳೆಯುತ್ತದೆ. ಮರದ ಎಳೆ ಓರೆಯಾಗಿದ್ದರೆ, 15 ಇಂಚಿಗೆ 1 ಇಂಚಿನವರೆಗೆ ಪರವಾಗಿಲ್ಲ ಅನ್ನುವುದು ವಿಮಾನದ ಮರಕ್ಕಿರುವ ರೂಢಿಯ ಮಿತಿ. ಎಡಕ್ಕೂ ಬಲಕ್ಕೂ ಹಾಕುವ ಜೋಡಿಯನ್ನು ಒಂದೇ ಹಲಗೆಯಿಂದ, ಅಕ್ಕಪಕ್ಕದಲ್ಲೇ ಸೀಳಿ. ಆಗ ಎರಡೂ ಹೆಚ್ಚುಕಡಿಮೆ ಒಂದೇ ಥರ ಬಾಗುತ್ತವೆ.

ಇನ್ನು ಬಟ್ಟೆ. ಪಾಲಿಯೆಸ್ಟರ್ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಹಂತಹಂತವಾಗಿ 350 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಕಾಯಿಸಿ ಬಿಗಿ ಮಾಡುತ್ತಾರೆ. ಆ ಎಳೆತಕ್ಕೆ ತೆಳುವಾದ ಪಟ್ಟಿಗಳು ಫಾರ್ಮರ್‌ಗಳ ನಡುವೆ ಒಳಕ್ಕೆ ಕುಸಿದು, ಒಡಲು ಬಡಕಲು ದನದ ಪಕ್ಕೆಯ ಹಾಗೆ ಕಾಣುತ್ತದೆ. ಅದಕ್ಕೇ ಪಟ್ಟಿಯನ್ನು ಅಗಲ ಮಾಡಬೇಡಿ, ಬಟ್ಟೆಯಿಂದ ಒಳಮುಖವಾಗಿ ಆಳ ಮಾಡಿ. ಆಳ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟಾಗುತ್ತದೆ. ಅಗಲ ಎರಡು ಪಟ್ಟು ಮಾಡಿದರೆ ಬರೀ ಎರಡು ಪಟ್ಟು, ತೂಕ ಮಾತ್ರ ಅಷ್ಟೇ ಏರುತ್ತದೆ. ಎರಡು ಪಟ್ಟಿಗಳ ನಡುವೆ ಫಾರ್ಮರ್ ಅಂಚನ್ನು ಒಳಕ್ಕೆ ಕೆತ್ತುವುದನ್ನೂ ಮರೆಯಬೇಡಿ. ಬಟ್ಟೆ ಫಾರ್ಮರ್‌ಗೆ ತಾಗಬಾರದು.

ಬಾಗು ಜಾಸ್ತಿ ಇರುವ ಕಡೆ ಬಲವಂತ ಬೇಡ. ಪಟ್ಟಿಯನ್ನು ಉದ್ದಕ್ಕೆ ಎರಡು ಪದರವಾಗಿ ಸೀಳಿ, ಬಾಗಿಸಿ, ನಡುವೆ ಎಪಾಕ್ಸಿ ಹಚ್ಚಿ ಕ್ಲ್ಯಾಂಪ್ ಮಾಡಿ. ಒಣಗಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ.

ವಾರ್ನಿಷ್ ಎರಡು ಭಾಗ ಬೆರೆಸುವ ಎಪಾಕ್ಸಿಯದ್ದೇ ಆಗಲಿ. ಮಾಮೂಲಿ ವಾರ್ನಿಷ್ ಬಟ್ಟೆ ಅಂಟಿಸುವ ಅಂಟಿನಲ್ಲಿರುವ ದ್ರಾವಕಕ್ಕೆ ಕರಗಿ ಎದ್ದುಬರುತ್ತದೆ. ಪಟ್ಟಿ ಕೂರಿಸಿಯಾದ ಮೇಲೆ ಬಳಿಯುವುದು ಸೋಮಾರಿತನ. ಕಚ್ಚಿನೊಳಗಿನ ಮರಕ್ಕೆ ವಾರ್ನಿಷ್ ತಾಗದೆ ಉಳಿದು, ತೇವ ಹೀರುವುದು ಅಲ್ಲಿಂದಲೇ. ಪಟ್ಟಿ ಬಿಚ್ಚಿ, ಅಂಟು ಹಚ್ಚುವ ಜಾಗವಷ್ಟನ್ನು ಟೇಪಿನಿಂದ ಮುಚ್ಚಿ, ಉಳಿದ ಕಡೆಯೆಲ್ಲ ಬಳಿಯಿರಿ.