ಕಾಲ್ ಡ್ಯೂಟಿಯ ಕಾಲ್ಗುಣ

ರಾತ್ರಿ ಪಾಳಿಗೆ ನಾನು ಬಂದೆನೆಂದು ತಿಳಿದರೆ ಸಾಕು, ನರ್ಸ್‌ಗಳು ಖಾಲಿ ಸ್ಟ್ರೆಚರ್‌ಗಳನ್ನು ಎಣಿಸತೊಡಗುತ್ತಾರೆ; ನನ್ನ ಕಾಲ್ಗುಣ ಅಂಥದ್ದು ಎಂಬುದು ವಾರ್ಡಿನ ನಂಬಿಕೆ. ಇಂಥ ವೈದ್ಯರಿಗೆ ಆಸ್ಪತ್ರೆಯ ಭಾಷೆಯಲ್ಲಿ ‘ಬ್ಲ್ಯಾಕ್ ಕ್ಲೌಡ್’ ಎಂಬ ಬಿರುದಿದೆ, ಫೋನು ಸುಮ್ಮನಿರುವ ಪುಣ್ಯವಂತರು ‘ವೈಟ್ ಕ್ಲೌಡ್’. ‘ಇವತ್ತು ಎಲ್ಲ ಶಾಂತವಾಗಿದೆ’ ಎಂದು ಬಾಯಿತಪ್ಪಿ ಅಂದವರನ್ನು ಉಳಿದವರು ಕೆಕ್ಕರಿಸಿ ನೋಡುವುದೂ ಇದೇ ನಂಬಿಕೆಯಿಂದ.

ಈ ನಂಬಿಕೆ ಎಷ್ಟು ನಿಜವೆಂದು ನೋಡಲು ಮೂರು ತಿಂಗಳ ಕಾಲ ನಾನು ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆ. ಒಂದು ರಾತ್ರಿಗೆ ಸರಾಸರಿ 4 ಅಡ್ಮಿಷನ್‌ಗಳಾಗುವ ವಿಭಾಗವೊಂದನ್ನು ಊಹಿಸಿಕೊಳ್ಳಿ. ರೋಗಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆಂದು ಇಟ್ಟುಕೊಂಡರೆ, ಫ್ರಾನ್ಸಿನ ಗಣಿತಜ್ಞ ಪಾಯ್ಸಾನ್ 1837ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಸುಮಾರು 20 ರಾತ್ರಿಗಳಲ್ಲಿ ಒಂದು ರಾತ್ರಿ 8 ಅಥವಾ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ, ಸುಮಾರು 11ರಲ್ಲಿ ಒಂದು ರಾತ್ರಿ ಒಬ್ಬರು ಬಂದರೂ ಹೆಚ್ಚು. 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ ಪ್ರಷ್ಯಾದ ಅಶ್ವದಳದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಸಂಖ್ಯೆಗೂ ಇದೇ ಸೂತ್ರ ಹೊಂದುವುದನ್ನು ತೋರಿಸಿದ್ದರು; ಹೆಚ್ಚು ಸಾವು ಕಂಡ ದಳವನ್ನು ಅಪಶಕುನದ ದಳವೆನ್ನಲು ಅಲ್ಲಿ ಕಾರಣವಿರಲಿಲ್ಲ. ಒಂದೇ ಅಪಘಾತದಿಂದ ಐವರು ಒಟ್ಟಿಗೆ ಬಂದರೆ ಈ ಲೆಕ್ಕ ಕೆಡುತ್ತದೆ ನಿಜ, ಆದರೆ ಆ ಅಪಘಾತಕ್ಕೂ ನನ್ನ ಕಾಲಿಗೂ ಏನು ನಂಟು?

ಸುಲಭವಾಗಿ ನೆನಪಾಗುವುದನ್ನೇ ಮನಸ್ಸು ಪದೇಪದೇ ನಡೆಯುವುದೆಂದು ಎಣಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ಬರೆದರು. ಬಿರುದು ಒಮ್ಮೆ ಅಂಟಿದರೆ ನಾನು ನಿದ್ದೆ ಮಾಡಿದ ರಾತ್ರಿಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆದರೂ ಪುಸ್ತಕ ನನ್ನನ್ನು ಪೂರ್ತಿ ಖುಲಾಸೆ ಮಾಡಲಿಲ್ಲ. ‘ವೈಟ್ ಕ್ಲೌಡ್’ ಎನಿಸಿಕೊಂಡ ಸಹೋದ್ಯೋಗಿಗೂ ನನಗೂ ರೋಗಿಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ನಿದ್ದೆಯಲ್ಲಿ ಮಾತ್ರ ಬಹಳವಿತ್ತು. ಆತ ಮಲಗುವ ಮುನ್ನ ವಾರ್ಡನ್ನೊಮ್ಮೆ ಸುತ್ತಿ, ಜ್ವರ ಏರಿದರೆ ಏನು ಕೊಡಬೇಕು, ಯಾವ ವರದಿಗೆ ತನ್ನನ್ನು ಎಬ್ಬಿಸಬೇಕು ಎಂಬುದನ್ನೆಲ್ಲ ಬರೆದಿಟ್ಟು ಹೋಗುತ್ತಿದ್ದ. ನಾನಾದರೋ ಒಂದೊಂದಕ್ಕೂ ಎದ್ದು ಓಡುತ್ತಿದ್ದೆ. ಗಾಢ ನಿದ್ದೆಯಿಂದ ಎಬ್ಬಿಸಿದ ಮೇಲೆ ಅರ್ಧ ಗಂಟೆಯವರೆಗೂ ತಲೆಗೆ ಮಂಕು ಕವಿದಿರಬಹುದಾದ್ದರಿಂದ, ಬೆಳಗಿನ ಜಾವ 3ಕ್ಕೆ ಬಂದ ಒಬ್ಬ ರೋಗಿ ಸಂಜೆಯ ಮೂವರಷ್ಟು ಭಾರವೆನಿಸುವುದು ನನ್ನ ಮಟ್ಟಿಗಂತೂ ಸುಳ್ಳಲ್ಲ. ಪಾಳಿಪಟ್ಟಿ ಹಾಕುವವರು ಇಂದಿಗೂ ತಲೆ ಎಣಿಸಿಯೇ ಕೆಲಸ ಅಳೆಯುತ್ತಾರೆ. ಈ ತಿಂಗಳಿಂದ ನನ್ನ ಪುಸ್ತಕದಲ್ಲಿ ಇನ್ನೊಂದು ಕಾಲಂ ಸೇರಿದೆ: ಎಷ್ಟು ಸಲ ಎದ್ದೆ, ಅದರಲ್ಲಿ ಎಷ್ಟು ಸಲ ಏಳಬೇಕಾಗಿಯೇ ಇರಲಿಲ್ಲ.