ಹೆಗಲ ಮೇಲೆ ಎರಡು ತಟ್ಟು

ನಮಸ್ಕಾರ. ನಾನು ಸಕಲೇಶಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಲಂಗ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ನಮ್ಮ ಮನೆಯವರದು ಪಕ್ಕದ ಬೀದಿಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ. ನಾವಿಬ್ಬರೂ ಬೈಕಿನಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗಿದ್ದ ಕತೆಯನ್ನು ಇವತ್ತು ನಿಮಗೆ ಹೇಳುತ್ತೇನೆ. ಲಡಾಖ್ ಎಷ್ಟು ಚೆಂದ ಅನ್ನುವುದು ಎಲ್ಲರ ಫೋನಿನಲ್ಲೂ ಇದೆ, ಅದನ್ನು ನಾನು ಹೇಳಬೇಕಾಗಿಲ್ಲ. ನನಗೆ ಹೇಳಬೇಕು ಅನ್ನಿಸಿರುವುದು ಹಿಂದಿನ ಸೀಟಿನ ವಿಷಯ.

ಹೋಗುವ ಮುಂಚೆ ಆರು ತಿಂಗಳು ತಯಾರಿ ಮಾಡಿದೆವು. ಭಾನುವಾರ ಬಂದರೆ ಶಿರಾಡಿ, ಚಾರ್ಮಾಡಿ, ಬಿಸಿಲೆ. ಲಗೇಜು ಕಟ್ಟಿಕೊಂಡು, ಇಬ್ಬರೂ ಕೂತು, ಘಾಟಿ ಇಳಿದು ಹತ್ತುವುದು. ಬೈಕಿಗೆ ಎರಡು ಚೀಲ ನಾನೇ ಟಾರ್ಪಾಲಿನಲ್ಲಿ ಹೊಲಿದೆ. ಒಳಗೆ ನೀರು ಹೋಗಬಾರದು ಅಂತ ಹೊಲಿಗೆ ಮೇಲೆ ಮೇಣ ಉಜ್ಜಿದೆ. ಜಾಕೆಟ್ಟಿನ ಒಳಗಡೆ ಬೈಕಿನ ಕಾಗದಪತ್ರಕ್ಕೆ ಒಂದು ಜೇಬು ಇಟ್ಟೆ. ಇವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟವಾಯಿತು. ಹಳೆ ಕ್ಲಚ್ ಕೇಬಲ್ ಪಕ್ಕದಲ್ಲೇ ಹೊಸದೊಂದನ್ನು ಎಳೆದು ಕಟ್ಟಿಬಿಟ್ಟರು. ಚಳಿಯಲ್ಲಿ ಕೈ ಮರಗಟ್ಟಿದಾಗ ಕೇಬಲ್ ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಸಾಕು, ಟ್ಯಾಂಕ್ ಬಿಚ್ಚುವ ಕೆಲಸ ಇಲ್ಲ.

ಇನ್ನೊಂದು ತಯಾರಿ ಭಾಷೆಯದು. ಹೆಲ್ಮೆಟ್ ಹಾಕಿಕೊಂಡು ಗಾಳಿಯಲ್ಲಿ ಹೋಗುವಾಗ ಹಿಂದಿನವರ ಮಾತು ಮುಂದಿನವರಿಗೆ ಕೇಳಿಸುವುದಿಲ್ಲ. ಅದಕ್ಕೆ ನಾವು ಹೆಗಲು ತಟ್ಟುವ ಲೆಕ್ಕ ಮಾಡಿಕೊಂಡೆವು. ಒಂದು ತಟ್ಟಿದರೆ ನಿಧಾನ. ಎರಡು ತಟ್ಟಿದರೆ ನಿಲ್ಲಿಸಬೇಕು. ಯಾಕೆ ಅಂತ ಕೇಳುವುದು ಗಾಡಿ ನಿಂತ ಮೇಲೆ. ಜೊತೆಗೆ ಇನ್ನೊಂದು ಒಪ್ಪಂದ: ಇಬ್ಬರಲ್ಲಿ ಯಾರಿಗೆ ಮೈ ಸರಿಯಿಲ್ಲವೋ ಅವತ್ತು ಅವರು ಹೇಳಿದ ಹಾಗೆ. ಇದನ್ನು ನನಗೋಸ್ಕರ ಅಂತ ಮಾಡಿದ್ದು. ನಾನು ಕೂತು ಕೆಲಸ ಮಾಡುವವಳು, ಇವರು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವವರು. ಕಷ್ಟ ಆದರೆ ನನಗೇ ಆಗುತ್ತದೆ ಅಂತ ಇಬ್ಬರೂ ಅಂದುಕೊಂಡಿದ್ದೆವು.

ಬೈಕನ್ನು ರೈಲಿನಲ್ಲಿ ದೆಹಲಿಗೆ ಪಾರ್ಸೆಲ್ ಹಾಕಿದೆವು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಕೊಡಬೇಕು, ಅದು ನಿಯಮ. ದೆಹಲಿಯಿಂದ ಮನಾಲಿಗೆ ಎರಡು ದಿನ, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಬಿಸಿಲು ಮತ್ತು ಲಾರಿ. ಮನಾಲಿ ತಲುಪಿದಾಗ ಜೂನ್ ಕೊನೆಯ ವಾರ, ಮಳೆ ಶುರುವಾಗಿತ್ತು. ಊರು ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಂದರೆ ಅಲ್ಲಿನ ಬಸ್ ಸ್ಟ್ಯಾಂಡೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿದೆ, ಅಲ್ವಾ? ಅಲ್ಲಿಂದ ಲೇಹ್‌ಗೆ ಸುಮಾರು 430 ಕಿಲೋಮೀಟರ್.

ಮೊದಲು ರೋಹತಾಂಗ್ ಘಾಟಿ ಹತ್ತಿ ಇಳಿಯಬೇಕಿತ್ತು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ 9 ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಗೇ ಹೋಗಬಹುದು. ಈ ಕಡೆ ಜಿಟಿಜಿಟಿ ಮಳೆ, ದೇವದಾರು ಮರ, ಮಂಜು. ಆ ಕಡೆ ಹೊರಗೆ ಬಂದರೆ ಒಣ ಬೆಟ್ಟ, ನೀಲಿ ಆಕಾಶ. ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಾಸನ ಜಿಲ್ಲೆ. ಸಕಲೇಶಪುರದಲ್ಲಿ ಸುರಿಯುವ ಮಳೆ ಅರಸೀಕೆರೆಗೆ ಸಿಗುವುದಿಲ್ಲ, ಮೋಡದ ನೀರೆಲ್ಲ ಘಟ್ಟದಲ್ಲೇ ಇಳಿದುಹೋಗುತ್ತದೆ. ಅಲ್ಲಿಯೂ ಅದೇ ಲೆಕ್ಕ. ಆ ಒಣ ಕಡೆಯ ಹೆಸರು ಲಾಹೌಲ್. ಹೊಳೆ ಪಕ್ಕದಲ್ಲಿ ಬಟಾಣಿ ಹೊಲ, ಆಲೂಗಡ್ಡೆ ಹೊಲ. ತಾಂಡಿ ಅನ್ನುವಲ್ಲಿ ಚಂದ್ರಾ ಮತ್ತು ಭಾಗಾ ಎರಡು ನದಿ ಸೇರುತ್ತವೆ, ಮುಂದೆ ಅದೇ ಚೀನಾಬ್ ಆಗುತ್ತದೆ. ತಾಂಡಿಯ ಪೆಟ್ರೋಲ್ ಬಂಕಿನ ಬೋರ್ಡು ತುಂಬಾ ಹೆಸರುವಾಸಿ: ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅಂತ ಬರೆದಿರುತ್ತದೆ. ಟ್ಯಾಂಕ್ ತುಂಬಿಸಿ, ಐದು ಲೀಟರ್ ಕ್ಯಾನೂ ತುಂಬಿಸಿಕೊಂಡೆವು.

ಆ ರಾತ್ರಿ ಜಿಸ್ಪಾದಲ್ಲಿ, ಸುಮಾರು 3,200 ಮೀಟರಿನಲ್ಲಿ ಮಲಗಿದೆವು. ಚೆನ್ನಾಗಿ ನಿದ್ದೆ ಬಂತು. ನಮ್ಮ ತಪ್ಪು ಆದದ್ದು ಮಾರನೇ ದಿನ.

ಎತ್ತರದ ಊರಿನಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆ ಆಗುವುದಿಲ್ಲ. ಗಾಳಿಯೇ ತೆಳುವಾಗುತ್ತದೆ. 5,300 ಮೀಟರ್ ಹೊತ್ತಿಗೆ ಒಂದು ಉಸಿರಿಗೆ ಸಿಗುವುದು ಸಮುದ್ರದ ದಂಡೆಯಲ್ಲಿ ಸಿಗುವುದರ ಸುಮಾರು ಅರ್ಧ. ಬೈಕಿನ ಎಂಜಿನ್‌ಗೂ ಅಷ್ಟೇ, ಅದಕ್ಕೇ ಅದು ಅಲ್ಲಿ ಏದುಸಿರು ಬಿಡುತ್ತದೆ. ಮೈಗೆ ಇದು ಅಭ್ಯಾಸ ಆಗಬೇಕಾದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ ಅಂತ ವೈದ್ಯರು ಹೇಳುತ್ತಾರೆ. ನಾವು ಜಿಸ್ಪಾದಿಂದ ಒಂದೇ ದಿನಕ್ಕೆ ಸರ್ಚುಗೆ ಹೋಗಿ ಮಲಗುವುದು ಅಂದುಕೊಂಡಿದ್ದೆವು. ಸರ್ಚು ಸುಮಾರು 4,300 ಮೀಟರ್. ಒಂದೇ ಏಟಿಗೆ 1,100. ನಡುವೆ ಬಾರಾಲಾಚಾ ಲಾ ಬೇರೆ, ಸುಮಾರು 4,900 ಮೀಟರ್. ಆ ಕಡೆ ಬೆಟ್ಟ ದಾಟುವ ಕಣಿವೆ ದಾರಿಗೆ ‘ಲಾ’ ಅನ್ನುತ್ತಾರೆ.

ಸಾಲದ್ದಕ್ಕೆ ತಡವಾಗಿ ಹೊರಟೆವು. ತಿಂಡಿ, ಫೋಟೋ ಅಂತ ಒಂಬತ್ತು ಗಂಟೆ ಆಯಿತು. ನಮ್ಮ ಕಡೆ ಹಳ್ಳ ಮಳೆ ಬಂದರೆ ಉಕ್ಕುತ್ತದೆ, ಅಲ್ಲಿ ಬಿಸಿಲು ಬಂದರೆ ಉಕ್ಕುತ್ತದೆ. ಬೆಳಿಗ್ಗೆ ಹಿಮ ಗಟ್ಟಿಯಾಗಿರುತ್ತದೆ, ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಮಧ್ಯಾಹ್ನಕ್ಕೆ ಹಿಮ ಕರಗಿ ಅದೇ ಹಳ್ಳ ಮೊಣಕಾಲು ಮುಟ್ಟುತ್ತದೆ, ಕೆಳಗೆ ಉರುಳುವ ಕಲ್ಲು. ಹಿಂದಿ ಮಾತಾಡುವವರು ಅದನ್ನು ನಾಲಾ ಅನ್ನುತ್ತಾರೆ.

ಜಿಂಗ್‌ಜಿಂಗ್ ಬಾರ್ ಅನ್ನುವ ಜಾಗದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಟೆಂಟಿನ ಹೋಟೆಲು, ಲಾಹೌಲಿನ ಒಬ್ಬ ಹೆಂಗಸು ನಡೆಸುತ್ತಾರೆ. ಇವರು ದಾರಿಯಲ್ಲೇ ಎರಡು ಸಲ ಹಣೆ ಒತ್ತಿಕೊಂಡದ್ದನ್ನು ಹಿಂದಿನಿಂದ ನೋಡಿದ್ದೆ. ಕೇಳಿದರೆ ಬಿಸಿಲಿಗೆ ಅಂದರು. ಚಹಾ ಬಂತು, ಕುಡಿಯಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದರು. ಬಂದು ಜಾಕೆಟ್ ಹಾಕಿಕೊಂಡರು ನೋಡಿ, ಅವಾಗ ನನಗೆ ನಿಜಕ್ಕೂ ಭಯವಾಯಿತು. ಮೇಲಿನ ಗುಂಡಿಯನ್ನು ಎರಡನೇ ಕಾಜಾಕ್ಕೆ ಹಾಕಿದ್ದರು. ಅಲ್ಲಿಂದ ಕೆಳಗೆ ಎಲ್ಲಾ ಒಂದೊಂದು ಕಾಜಾ ತಪ್ಪಿತ್ತು. ಜಾಕೆಟ್ಟು ಸೊಟ್ಟಗೆ ನಿಂತಿದೆ, ಇವರಿಗೆ ಗೊತ್ತೇ ಆಗುತ್ತಿಲ್ಲ. ತಂತಿಯನ್ನು ಎಳೆ ಎಳೆ ಎಣಿಸಿ ಸುತ್ತುವ ಮನುಷ್ಯ ಇವರು. ಬೆರಳಿಗೂ ತಲೆಗೂ ನಡುವೆ ಏನೋ ಕಡಿದಿದೆ ಅನ್ನಿಸಿತು.

‘ರೀ, ಸಾಕು. ಕೆಳಗೆ ಇಳಿಯೋಣ’ ಅಂದೆ.

‘ಇನ್ನೊಂದು ಗಂಟೆ, ಅಷ್ಟೇ. ಲಾ ದಾಟಿದರೆ ಇಳಿಜಾರು’ ಅಂದರು. ‘ಒಂದು ದಿನ ಹಾಳಾಗುತ್ತೆ ಕಣೇ.’

ಒಪ್ಪಂದದ ಪ್ರಕಾರ ಮೈ ಸರಿಯಿಲ್ಲದವರ ಮಾತು ನಡೆಯಬೇಕಿತ್ತು. ಆದರೆ ತೆಳು ಗಾಳಿಯ ಈ ಕಾಯಿಲೆ ಮೊದಲು ಹಿಡಿಯುವುದೇ ತಲೆಯನ್ನು. ಇದನ್ನು ನಾವು ಲೆಕ್ಕಕ್ಕೆ ತಗೊಂಡಿರಲಿಲ್ಲ. ಬರೀ ತಲೆನೋವು ಆದರೆ ಅಲ್ಲೇ ನಿಂತು ನೋಡಬಹುದು. ತಡವರಿಕೆ ಶುರುವಾದರೆ ಕಾಯುವ ಹಾಗಿಲ್ಲ. ಹಾಗೇ ಏರುತ್ತಾ ಹೋದರೆ ಮಿದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು, ಒಂದು ದಿನದೊಳಗೇ ಪ್ರಾಣ ಹೋಗಬಹುದು. ವೈದ್ಯರು ಕೊಟ್ಟ ಮಾತ್ರೆ ನಮ್ಮ ಹತ್ತಿರ ಇತ್ತು. ಆದರೆ ದೊಡ್ಡ ಮದ್ದು ಇಳಿಯುವುದೇ. ಟೆಂಟಿನ ಆ ಅಕ್ಕ ಇವರ ಮುಖ ನೋಡಿ, ಕೈಯಲ್ಲಿ ಕೆಳಗೆ ತೋರಿಸಿ, ‘ನೀಚೆ ಜಾವೋ’ ಅಂದರು. ಎರಡೇ ಮಾತು. ನಾನು ಇವರ ಎದುರು ನಿಂತು ಹೆಗಲ ಮೇಲೆ ಎರಡು ಸಲ ತಟ್ಟಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕೀ ಕೊಟ್ಟರು.

ಹೌದು, ನಾನೇ ಓಡಿಸಿದೆ. ಗೇರ್ ಗಾಡಿಯ ಲೈಸೆನ್ಸ್ ಮಾಡಿಸಿದ್ದೆ, ಊರಿನ ಸಂತೆ ಮೈದಾನದಲ್ಲಿ ಕಲಿತಿದ್ದೆ. ಆದರೆ ಹಿಮಾಲಯದಲ್ಲಿ, ಲಗೇಜು ಮತ್ತು ಗಂಡನನ್ನು ಕೂರಿಸಿಕೊಂಡು ಓಡಿಸುತ್ತೇನೆ ಅಂತ ಅಂದುಕೊಂಡಿರಲಿಲ್ಲ. ನನ್ನ ಕಾಲು ನೆಲಕ್ಕೆ ಪೂರ್ತಿ ಎಟುಕುವುದಿಲ್ಲ, ಬೆರಳ ತುದಿಯಲ್ಲಿ ನಿಲ್ಲಬೇಕು. ಇವರನ್ನು ನನ್ನ ದುಪ್ಪಟ್ಟಾದಿಂದ ನನ್ನ ಸೊಂಟಕ್ಕೆ ಸುತ್ತಿ ಕಟ್ಟಿಕೊಂಡು, ಹಿಡಿದುಕೊಳ್ಳಿ ಅಂದೆ. ಬರುವಾಗ ಸುಲಭವಾಗಿ ದಾಟಿದ್ದ ಹಳ್ಳ ಈಗ ಬೂದಿ ಬಣ್ಣಕ್ಕೆ ತಿರುಗಿ ಭೋರ್ಗರೆಯುತ್ತಿತ್ತು. ಅಲ್ಲಿ ರಸ್ತೆ ಕೆಲಸದವರು ನಾಲ್ಕು ಜನ ಇದ್ದರು. ಆ ರಸ್ತೆಯನ್ನು ನೋಡಿಕೊಳ್ಳುವುದು ಬಾರ್ಡರ್ ರೋಡ್ಸ್‌ನವರು, ಅಂದರೆ ಗಡಿ ಕಡೆಯ ರಸ್ತೆ ಮಾಡುವ ಸರ್ಕಾರಿ ಸಂಸ್ಥೆಯವರು. ಕಲ್ಲು ಹೊರುವವರಲ್ಲಿ ತುಂಬಾ ಜನ ಜಾರ್ಖಂಡಿನ ದುಮ್ಕಾ ಕಡೆಯಿಂದ ಬಂದವರು. ಅವರ ಊರೂ ನಮ್ಮ ಊರಿನ ಹಾಗೆ ಕೆಳಗಿನದೇ. ಅವರಿಗೂ ಇದೇ ತೆಳು ಗಾಳಿ, ನಾವು ಒಂದು ದಿನಕ್ಕೆ ಒದ್ದಾಡಿದೆವು, ಅವರು ತಿಂಗಳುಗಟ್ಟಲೆ ಅಲ್ಲೇ ಡಾಂಬರು ಕಾಯಿಸುತ್ತಾರೆ. ಇಬ್ಬರು ಇವರ ತೋಳು ಹಿಡಿದು ನೀರು ದಾಟಿಸಿದರು. ಇನ್ನಿಬ್ಬರು ನನ್ನ ಬೈಕಿನ ಎರಡೂ ಪಕ್ಕ ಹಿಡಿದರು. ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಎದುರಿನ ದಡವನ್ನೇ ನೋಡುತ್ತಾ ಹೋಗು ಅಂತ ಇವರು ಯಾವತ್ತೋ ಹೇಳಿದ್ದನ್ನು ನೆನಪಿಟ್ಟುಕೊಂಡು ದಾಟಿದೆ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ನನ್ನ ಚೀಲದಲ್ಲಿದ್ದ ಬೆಲ್ಲ, ಅವಲಕ್ಕಿ ಪೊಟ್ಟಣ ಕೊಟ್ಟೆ. ಅದನ್ನು ತಗೊಂಡರು.

ಜಿಸ್ಪಾ ತಲುಪಿ ಎರಡು ಗಂಟೆಯೊಳಗೆ ಇವರ ಮುಖಕ್ಕೆ ಬಣ್ಣ ಬಂತು. ಸಂಜೆ ಗಂಜಿ ಕೇಳಿ ಕುಡಿದರು. ಸುಮ್ನೆ ಸಾವಿರ ಮೀಟರ್ ಇಳಿದದ್ದಕ್ಕೆ ಇಷ್ಟು! ಇನ್ನೂ ಎರಡು ರಾತ್ರಿ ಅಲ್ಲೇ ಇದ್ದೆವು. ನಡುವಿನ ದಿನ ಪಕ್ಕದ ಬೆಟ್ಟ ಸ್ವಲ್ಪ ಹತ್ತಿ ಇಳಿದೆವು. ಹಗಲು ಮೇಲೆ ಹೋಗಿ ಬಂದು ರಾತ್ರಿ ಕೆಳಗೆ ಮಲಗಿದರೆ ಮೈ ಬೇಗ ಹೊಂದಿಕೊಳ್ಳುತ್ತದೆ.

ಎರಡನೇ ಸಲ ಬೆಳಿಗ್ಗೆ ಐದಕ್ಕೆ ಹೊರಟೆವು. ಅದೇ ಹಳ್ಳದಲ್ಲಿ ಪಾದ ನೆನೆಯುವಷ್ಟು ನೀರು. ಬಾರಾಲಾಚಾದಲ್ಲಿ ರಸ್ತೆಯ ಎರಡೂ ಕಡೆ ಆಳೆತ್ತರದ ಹಿಮದ ಗೋಡೆ. ಸರ್ಚುವಿನಲ್ಲಿ ರಾತ್ರಿ ಇಬ್ಬರಿಗೂ ಸರಿಯಾಗಿ ನಿದ್ದೆ ಇಲ್ಲ, ಆದರೆ ವಾಂತಿ ಇಲ್ಲ, ತಡವರಿಕೆ ಇಲ್ಲ. ಇವರು ಎದ್ದ ಕೂಡಲೇ ಜಾಕೆಟ್ ಗುಂಡಿ ಹಾಕಿ ನನಗೆ ತೋರಿಸಿದರು. ಮುಂದೆ ದಿನಾ ಬೆಳಿಗ್ಗೆ ಅದೇ ನಮ್ಮ ಪರೀಕ್ಷೆ ಆಯಿತು.

ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್, 21 ತಿರುವು. ಅದರಲ್ಲಿ ಒಂದು ಕಡೆ ಕಲ್ಲಿನ ಚಿಕ್ಕ ಗುಡಿ, ಸುತ್ತ ನೀರಿನ ಬಾಟಲಿಗಳ ರಾಶಿ. ಯಾವತ್ತೋ ಚಳಿಗಾಲದ ಮುಂಚೆ ಲಾರಿಯೊಂದು ಅಲ್ಲಿ ಕೆಟ್ಟು ನಿಂತಿತಂತೆ. ಕ್ಲೀನರ್ ಹುಡುಗನಿಗೆ ಮೈ ಸರಿ ಇರಲಿಲ್ಲ. ಡ್ರೈವರ್ ಅವನನ್ನು ಬಿಟ್ಟು ಸಹಾಯ ಹುಡುಕಿಕೊಂಡು ಹೋದನಂತೆ. ಹಿಮ ಬಿತ್ತು, ದಾರಿ ಮುಚ್ಚಿತು, ವಾಪಸ್ ಬರುವಷ್ಟರಲ್ಲಿ ಹುಡುಗ ತೀರಿಹೋಗಿದ್ದ. ಅವನಿಗೆ ಬಾಯಾರಿಕೆ ಅಂತ ಹೋಗಿಬರುವವರು ನೀರು ಇಡುತ್ತಾರೆ. ಇವರು ಏನೂ ಮಾತಾಡದೆ ನಮ್ಮ ತುಂಬಿದ ಬಾಟಲಿ ತೆಗೆದು ಇಟ್ಟರು.

ಪಾಂಗ್ ಆದ ಮೇಲೆ ಮೋರೆ ಬಯಲು, 40 ಕಿಲೋಮೀಟರ್ ಚಪ್ಪಟೆ ನೆಲ, ಸಮುದ್ರಮಟ್ಟದಿಂದ 4,700 ಮೀಟರ್ ಮೇಲೆ. ಅಲ್ಲಿ ಚಾಂಗ್ಪಾ ಜನರ ಮೇಕೆ ಹಿಂಡು ಸಿಕ್ಕಿತು. ಶಾಲು ನೇಯುವ ಪಶ್ಮೀನಾ ಉಣ್ಣೆ ಬರುವುದು ಈ ಮೇಕೆಗಳಿಂದಲೇ. ಮೇಲಿನ ಒರಟು ಕೂದಲಿನ ಕೆಳಗೆ ಚಳಿಗೆ ಅಂತ ಬೆಳೆಯುವ ನವುರಾದ ತುಪ್ಪಳವನ್ನು, ಚಳಿ ಮುಗಿದ ಮೇಲೆ ಬಾಚಣಿಗೆಯಲ್ಲಿ ಬಾಚಿ ತೆಗೆಯುತ್ತಾರೆ. ಮೂವತ್ತು ವರ್ಷದಿಂದ ಬಟ್ಟೆ ಮುಟ್ಟುತ್ತಿದ್ದೇನೆ. ಆ ಮೇಕೆಯ ಕತ್ತಿನಲ್ಲಿ ಬೆರಳು ಇಟ್ಟಾಗ ಏನೂ ಮುಟ್ಟಿದ ಹಾಗೆಯೇ ಆಗಲಿಲ್ಲ, ಬರೀ ಬಿಸಿ ಗೊತ್ತಾಯಿತು.

ತಂಗ್‌ಲಾಂಗ್ ಲಾ ಆ ದಾರಿಯಲ್ಲೇ ಎತ್ತರದ್ದು, 5,300 ಮೀಟರಿಗೂ ಮೇಲೆ. ಐದು ನಿಮಿಷ ನಿಂತು, ಒಂದು ಫೋಟೋ ತೆಗೆದು ಇಳಿದುಬಿಟ್ಟೆವು. ಇಳಿದಾಗ ಸಿಗುವ ಮೊದಲ ಊರು ರುಮ್ತ್ಸೆ. ಅಲ್ಲಿ ಒಬ್ಬ ಅಜ್ಜಿ ‘ಜೂಲೇ’, ಅಂದರೆ ನಮಸ್ಕಾರ, ಅಂದು ಕೂರಿಸಿ, ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾ ಕೊಟ್ಟು, ಪಕ್ಕದಲ್ಲಿ ಒಂದು ಬಟ್ಟಲು ಹಿಟ್ಟು ಇಟ್ಟರು. ಬಾಯಿಗೆ ಹಾಕಿಕೊಂಡರೆ ನಮ್ಮ ಹುರಿಹಿಟ್ಟು! ಬಾರ್ಲಿ ಹುರಿದು ಬೀಸಿದ್ದು, ಅವರು ತ್ಸಂಪಾ ಅನ್ನುತ್ತಾರೆ. ಇವರು ಅದನ್ನು ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿಂದರು, ನಮ್ಮ ಅತ್ತೆ ಮಾಡುತ್ತಿದ್ದ ಹಾಗೆಯೇ.

ತಿಂದು ಕೈ ತೊಳೆದು, ಇವರು ಕೀ ನನ್ನ ಕಡೆ ಚಾಚಿದರು. ‘ಮೈ ಚೆನ್ನಾಗಿದೆ. ಆದರೂ ನೀನೇ ಓಡಿಸು. ನಾನು ಸ್ವಲ್ಪ ನೋಡುತ್ತೇನೆ.’

ಮುಂದೆ ಕೂತವರಿಗೆ ಕಾಣುವುದು ಮುಂದಿನ ಇಪ್ಪತ್ತು ಅಡಿ ರಸ್ತೆ ಮಾತ್ರ. ಜಲ್ಲಿ ಎಲ್ಲಿದೆ, ಗುಂಡಿ ಎಲ್ಲಿದೆ, ಲಾರಿ ಎಷ್ಟು ದೂರ, ಅಷ್ಟೇ. ಬೆಟ್ಟದ ಬಣ್ಣ, ಆಕಾಶದ ಹದ್ದು ಎಲ್ಲಾ ಹಿಂದೆ ಕೂತವರ ಪಾಲು. ದೆಹಲಿಯಿಂದ ಅಲ್ಲಿಯವರೆಗೆ ನಾನು ನೋಡಿದ್ದರಲ್ಲಿ ಅರ್ಧವನ್ನೂ ಇವರು ನೋಡಿರಲಿಲ್ಲ. ಕೆಂಪು, ನೇರಳೆ ಬಣ್ಣದ ಬಂಡೆಗಳ ನಡುವೆ ನಾನು ಮೂವತ್ತರ ವೇಗದಲ್ಲಿ ಇಳಿಯುತ್ತಾ ಇದ್ದೆ. ಉಪ್ಶಿ ಹತ್ತಿರ ಬಂದಾಗ ಹೆಗಲ ಮೇಲೆ ಎರಡು ತಟ್ಟು.

ಎದೆ ಧಸಕ್ಕೆಂದಿತು. ಮತ್ತೆ ಬಂತು ಅಂದುಕೊಂಡೆ. ಗಾಡಿ ಪಕ್ಕಕ್ಕೆ ತಗೊಂಡು, ಬೆರಳ ತುದಿಯಲ್ಲಿ ನಿಂತು, ತಿರುಗಿ ನೋಡಿದೆ. ಇವರು ನಗುತ್ತಿದ್ದರು. ಬಲಗಡೆ ಕೈ ತೋರಿಸಿ ಅಂದರು: ‘ಅಲ್ಲಿ ನೋಡೇ, ಸಿಂಧೂ ನದಿ.’

ನಮಸ್ಕಾರ.