ಹೊಟ್ಟೆಯ ಕ್ಯಾನ್ಸರ್ ಮತ್ತು ಒಂದೇ ಕೋಣೆಯ ಮನೆ

ಕೇಳುಗರಿಗೆ ನಮಸ್ಕಾರ.

ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ನಮ್ಮಲ್ಲಿ ಹೊರಡುವ ಮೊದಲ ಮಾತು ಖಾರದ್ದು. ‘ಖಾರ ಜಾಸ್ತಿ ತಿಂತಿದ್ರು, ಅದಕ್ಕೇ ಬಂತು’ ಅನ್ನುತ್ತಾರೆ. ಇಲ್ಲವೇ, ‘ಹೊತ್ತು ಹೊತ್ತಿಗೆ ಊಟ ಮಾಡ್ತಿರಲಿಲ್ಲ, ಎಷ್ಟು ಹೇಳಿದ್ರೂ ಕೇಳಲಿಲ್ಲ’ ಅನ್ನುತ್ತಾರೆ. ಹಾಸಿಗೆ ಹಿಡಿದವರ ಮೇಲೆಯೇ ತಪ್ಪು ಹೊರಿಸುವ ಮಾತುಗಳು ಇವು. ಇವತ್ತು ನಾನು ಬೇರೆ ಪ್ರಶ್ನೆ ಕೇಳಬೇಕು ಅಂದುಕೊಂಡಿದ್ದೇನೆ. ಆ ಮನುಷ್ಯ ಐದು ವರ್ಷದ ಹುಡುಗನಾಗಿದ್ದಾಗ ಅವನ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು? ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು? ಕೈ ತೊಳೆಯುವ ನೀರು ಎಲ್ಲಿಂದ ಬರುತ್ತಿತ್ತು?

ಅರವತ್ತರಲ್ಲಿ ಬರುವ ಕಾಯಿಲೆಗೂ ಐದನೇ ವಯಸ್ಸಿನ ಮನೆಗೂ ಎಲ್ಲಿಯ ನಂಟು ಅನ್ನಿಸಬಹುದು. ನಂಟಿದೆ. ಅದೂ ಗಟ್ಟಿಯಾದ ನಂಟು.

ಮೊದಲು ಒಂದಿಷ್ಟು ಲೆಕ್ಕ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 9.7 ಲಕ್ಷ ಜನರಿಗೆ ಹೊಸದಾಗಿ ಹೊಟ್ಟೆಯ ಕ್ಯಾನ್ಸರ್ ಬಂತು. ಅದೇ ವರ್ಷ ಸುಮಾರು 6.6 ಲಕ್ಷ ಜನ ಇದರಿಂದ ತೀರಿಕೊಂಡರು. ಎಲ್ಲ ಕ್ಯಾನ್ಸರ್‌ಗಳ ಪೈಕಿ ಇದಕ್ಕೆ ಐದನೇ ಸ್ಥಾನ. ಈ ಭಾರ ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2013ರಲ್ಲಿ ಲೆಕ್ಕ ಹಾಕಿದರು. ತೀರಾ ಕಡಿಮೆ ಓದಿದವರಿಗೆ ಈ ಕಾಯಿಲೆ ಬರುವ ಸಂಭವ ಹೆಚ್ಚು ಓದಿದವರಿಗಿಂತ ಹತ್ತಿರಹತ್ತಿರ ಮೂರು ಪಟ್ಟು ಅಂತ ಬಂತು. ಪುಸ್ತಕ ಓದಿದರೆ ಹೊಟ್ಟೆ ಗಟ್ಟಿಯಾಗುತ್ತದೆ ಅಂತ ಅಲ್ಲ. ಎಷ್ಟು ಓದಿದ್ದಾರೆ ಅನ್ನುವುದನ್ನು ನೋಡಿದರೆ ಅವರು ಎಂಥ ಮನೆಯಲ್ಲಿ ಬೆಳೆದರು, ಏನು ತಿಂದರು, ಎಂಥ ಕೆಲಸ ಮಾಡಿದರು ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. ಅಷ್ಟೇ.

ಈ ಕಥೆಯ ನಡುವೆ ಕೂತಿರುವುದು ಒಂದು ಬ್ಯಾಕ್ಟೀರಿಯಾ. ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಡಾಕ್ಟರುಗಳು ಎಚ್ ಪೈಲೋರಿ ಅಂತ ಚಿಕ್ಕದಾಗಿ ಹೇಳುತ್ತಾರೆ. ಹೊಟ್ಟೆಯೊಳಗಿನ ಆಮ್ಲದಲ್ಲಿ ಯಾವ ಜೀವಿಯೂ ಬದುಕುವುದಿಲ್ಲ ಅಂತ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ, 1994ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಜೀವಿ ಅಂತ ಪಟ್ಟಿಗೆ ಸೇರಿಸಿತ್ತು. ಅನ್ನನಾಳಕ್ಕೆ ಅಂಟಿಕೊಂಡಿರುವ ಮೇಲ್ಭಾಗ ಬಿಟ್ಟರೆ, ಹೊಟ್ಟೆಯ ಉಳಿದ ಭಾಗದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 90ರ ಹಿಂದೆ ಈ ಬ್ಯಾಕ್ಟೀರಿಯಾ ಇದೆ. ಆ ಮೇಲ್ಭಾಗದ ಕ್ಯಾನ್ಸರ್‌ನ ದಾರಿ ಬೇರೆ. ಬೊಜ್ಜು, ಹುಳಿತೇಗು ಅದಕ್ಕೆ ಹೆಚ್ಚು ಹತ್ತಿರ. ಇವತ್ತಿನ ಮಾತು ಅದರ ಬಗ್ಗೆ ಅಲ್ಲ.

ಈ ಬ್ಯಾಕ್ಟೀರಿಯಾ ಹೊಟ್ಟೆ ಸೇರುವುದು ಹೆಚ್ಚಾಗಿ ಚಿಕ್ಕಂದಿನಲ್ಲಿ. ಮನೆಯವರಿಂದಲೇ, ಬಾಯಿಂದ ಬಾಯಿಗೆ, ವಾಂತಿಯಿಂದ, ಸರಿಯಾಗಿ ತೊಳೆಯದ ಕೈಯಿಂದ, ಕೊಳಕು ನೀರಿನಿಂದ. ಒಮ್ಮೆ ಸೇರಿತು ಅಂದರೆ, ಔಷಧಿ ಕೊಟ್ಟು ಓಡಿಸದಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಅಲ್ಲೇ ಇರುತ್ತದೆ. ಹೊಟ್ಟೆಯ ಒಳಪದರ ವರ್ಷಗಟ್ಟಲೆ ಊದಿಕೊಂಡೇ ಇರುತ್ತದೆ. ಆಮೇಲೆ ತೆಳ್ಳಗಾಗುತ್ತದೆ. ಆಮೇಲೆ ಅಲ್ಲಿನ ಜೀವಕೋಶಗಳು ಕರುಳಿನ ಜೀವಕೋಶಗಳ ಹಾಗೆ ಬದಲಾಗುತ್ತವೆ. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ಮುಟ್ಟುತ್ತದೆ. ಈ ಮೆಟ್ಟಿಲುಗಳನ್ನು ಮೊದಲು ಜೋಡಿಸಿ ತೋರಿಸಿದವರು ಕೊಲಂಬಿಯಾದ ಪೆಲಾಯೊ ಕೊರಿಯಾ. ಮೊದಲ ಮೆಟ್ಟಿಲಿನಿಂದ ಕೊನೆಯದಕ್ಕೆ ಹೋಗಲು ದಶಕಗಳೇ ಹಿಡಿಯುತ್ತವೆ.

1990ರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯಾವ ಊರುಗಳಲ್ಲಿ ಮನೆಗಳು ಕಿಕ್ಕಿರಿದಿದ್ದವೋ, ಹತ್ತಾರು ವರ್ಷಗಳ ನಂತರ ಆ ಕಡೆಯೇ ಹೊಟ್ಟೆಯ ಕ್ಯಾನ್ಸರ್‌ನಿಂದ ಜಾಸ್ತಿ ಜನ ಸಾಯುತ್ತಿದ್ದರು. ಎರಡು ವರ್ಷದ ನಂತರ, ಅದೇ ದೇಶದ ಇನ್ನೊಂದು ತಂಡ ದೊಡ್ಡವರನ್ನು ಕೂರಿಸಿಕೊಂಡು ಅವರ ಬಾಲ್ಯದ ಬಗ್ಗೆ ಕೇಳಿತು. ಕೋಣೆಗೆ ಎಷ್ಟು ಜನ ಇದ್ದಿರಿ, ಮನೆಯೊಳಗೆ ಬಿಸಿನೀರಿನ ವ್ಯವಸ್ಥೆ ಇತ್ತಾ ಅಂತ. ಇಕ್ಕಟ್ಟಿನಲ್ಲಿ ಬೆಳೆದವರ ರಕ್ತದಲ್ಲಿ ಎಚ್ ಪೈಲೋರಿಯ ಗುರುತು ಹೆಚ್ಚಾಗಿ ಸಿಕ್ಕಿತು. ದೊಡ್ಡವರಾದ ಮೇಲೆ ಅವರು ಎಷ್ಟೇ ಚೆನ್ನಾಗಿ ಬದುಕಿರಲಿ, ಚಿಕ್ಕಂದಿನ ಮನೆ ಹೊಟ್ಟೆಯಲ್ಲಿ ಉಳಿದುಕೊಂಡಿತ್ತು. ಈ ಸಾಲನ್ನು ಬರೆದುಕೊಳ್ಳುವಾಗ ನನಗೆ ನಮ್ಮ ಊರುಗಳೇ ಕಣ್ಣ ಮುಂದೆ ಬಂದವು.

ಬೆಂಗಳೂರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುವ ಕಡೆ, ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡುಗಳ ಸಾಲು ಇರುತ್ತದೆ, ನೋಡಿರುತ್ತೀರಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಸಂಸಾರಗಳು. ಒಂದು ಶೆಡ್ಡು ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ. ಅದರೊಳಗೇ ಗಂಡ, ಹೆಂಡತಿ, ಮಕ್ಕಳು, ಒಲೆ, ಬಟ್ಟೆ, ಬುತ್ತಿ. ಹೊರಗೆ ಒಂದು ನೀಲಿ ಡ್ರಮ್ಮು. ಟ್ಯಾಂಕರ್ ಬಂದಾಗ ತುಂಬುತ್ತದೆ. ಅದೇ ಡ್ರಮ್ಮಿಗೆ ಒಂದೇ ಚೊಂಬು ಅದ್ದಿ ಕುಡಿಯಲೂ ತೆಗೆಯಬೇಕು, ತೊಳೆಯಲೂ ತೆಗೆಯಬೇಕು. ಎರಡು ವರ್ಷದ ಮಗು ಅಂಗೈಯನ್ನು ಆ ನೀರಿಗೇ ಇಳಿಸಿ ಆಡುತ್ತಿರುತ್ತದೆ. ಆ ತಾಯಿಗೆ ‘ಕೈ ತೊಳೆದು ಊಟ ಮಾಡಿಸಿ’ ಅಂತ ಹೇಳುವುದು ಸುಲಭ. ಡ್ರಮ್ಮಿನಲ್ಲಿ ಉಳಿದ ನೀರು ನಾಳೆಯವರೆಗೂ ಬರಬೇಕು ಅಂದರೆ ಅವಳು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು?

ನೀರಿನ ವಿಷಯದಲ್ಲಿ ದುಡ್ಡೂ ಕೆಲವೊಮ್ಮೆ ಕಾಪಾಡುವುದಿಲ್ಲ. ಪೆರುವಿನ ಲಿಮಾ ನಗರದಲ್ಲಿ ನಡೆದ ಒಂದು ಅಧ್ಯಯನ 1991ರಲ್ಲಿ ಬಂತು. ಅಲ್ಲಿ ಅನುಕೂಲಸ್ಥರ ಮಕ್ಕಳಲ್ಲೂ ನಗರಸಭೆಯ ನಲ್ಲಿ ನೀರು ಕುಡಿದವರಿಗೆ ಸೋಂಕು ತುಂಬಾ ಹೆಚ್ಚಾಗಿತ್ತು. ಮನೆಯೊಳಗೆ ಎಷ್ಟು ಚೊಕ್ಕವಾಗಿದ್ದರೂ, ಊರಿಗೆಲ್ಲ ಒಂದೇ ಆದ ಪೈಪಿನಲ್ಲಿ ಕೊಳೆ ಇದ್ದರೆ ಏನು ಮಾಡುತ್ತೀರಿ? ಅದಕ್ಕೇ ನಾನು ಇದನ್ನು ಒಬ್ಬೊಬ್ಬರ ಅಭ್ಯಾಸದ ಪ್ರಶ್ನೆ ಅಂತ ಒಪ್ಪುವುದಿಲ್ಲ. ಇದು ಊರಿನ ನೀರು, ಚರಂಡಿ, ವಸತಿಯ ಪ್ರಶ್ನೆ.

ಇಲ್ಲಿ ಒಂದು ಸಿಕ್ಕು ಇದೆ, ಅದನ್ನು ಬಚ್ಚಿಡಬಾರದು. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಎಚ್ ಪೈಲೋರಿ ಇದೆ. ಆದರೂ ಜಪಾನ್, ಕೊರಿಯಾ, ಮಂಗೋಲಿಯಾಗಳಿಗೆ ಹೋಲಿಸಿದರೆ ಭಾರತದಲ್ಲಿ ಹೊಟ್ಟೆಯ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಬ್ಯಾಕ್ಟೀರಿಯಾ ಇದ್ದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ನೂರರಲ್ಲಿ ಒಬ್ಬರಿಂದ ಮೂವರಿಗೆ ಬರುತ್ತದೆ. ಕೊಲಂಬಿಯಾದ ನರಿನ್ಯೊ ಪ್ರಾಂತ್ಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಂಡಿಸ್ ಬೆಟ್ಟದ ಮೇಲಿನ ಹಳ್ಳಿಗಳಲ್ಲೂ ಕೆಳಗಿನ ಕಡಲ ತೀರದಲ್ಲೂ ಸೋಂಕು ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಕ್ಯಾನ್ಸರ್ ಮಾತ್ರ ಬೆಟ್ಟದಲ್ಲಿ ತುಂಬಾ ಜಾಸ್ತಿ, ತೀರದಲ್ಲಿ ತುಂಬಾ ಕಡಿಮೆ. ಬ್ಯಾಕ್ಟೀರಿಯಾದ ತಳಿ, ಜನರ ಮೂಲ, ಊಟ ಎಲ್ಲವೂ ಸೇರಿ ಈ ವ್ಯತ್ಯಾಸ ಮಾಡುತ್ತವೆ. ನಮ್ಮ ದೇಶದೊಳಗೂ ಹಾಗೆಯೇ. ಮಿಜೋರಾಂನ ಐಜ್ವಾಲ್‌ನಲ್ಲಿ ಈ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ, ಉಪ್ಪು ಹಾಕಿ ಒಣಗಿಸಿದ ಮೀನು, ತಂಬಾಕಿನ ಹೊಗೆಯನ್ನು ನೀರಿಗೆ ಇಳಿಸಿ ಮಾಡುವ ತುಯ್‌ಬುರ್, ಇವುಗಳ ಮೇಲೆ ಸಂಶೋಧಕರ ಕಣ್ಣಿದೆ. ಬೆಂಗಳೂರು, ಚೆನ್ನೈಗಳಲ್ಲೂ ಗಂಡಸರಿಗೆ ಬರುವ ಮುಖ್ಯ ಕ್ಯಾನ್ಸರ್‌ಗಳ ಸಾಲಿನಲ್ಲಿ ಇದು ಇದೆ. ಬೆಂಗಳೂರಿನ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ 1982ರಿಂದ ಇಡುತ್ತಾ ಬಂದಿದೆ.

ಊಟಕ್ಕೆ ಬಂದರೆ, ಖಾರಕ್ಕಿಂತ ಉಪ್ಪಿನ ಮೇಲಿನ ಸಾಕ್ಷಿ ಗಟ್ಟಿ. ಜಾಸ್ತಿ ಉಪ್ಪು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಹಣ್ಣು, ತರಕಾರಿ ಸ್ವಲ್ಪ ಮಟ್ಟಿಗೆ ಕಾಯುತ್ತವೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಹೊಟ್ಟೆಯ ಕ್ಯಾನ್ಸರ್ ಅತಿ ಹೆಚ್ಚು ಜೀವ ತೆಗೆಯುವ ಕ್ಯಾನ್ಸರ್‌ಗಳಲ್ಲಿ ಒಂದಾಗಿತ್ತು. ಆಮೇಲೆ ಇಳಿಯುತ್ತಲೇ ಹೋಯಿತು. ಅದನ್ನು ಇಳಿಸಬೇಕು ಅಂತ ಯಾರೂ ಯೋಜನೆ ಹಾಕಿರಲಿಲ್ಲ. ಮನೆಮನೆಗೆ ಫ್ರಿಜ್ ಬಂತು. ಉಪ್ಪು ಹಾಕಿ ಕೂಡಿಡುವುದು ಕಡಿಮೆಯಾಯಿತು, ವರ್ಷಪೂರ್ತಿ ಹಸಿ ತರಕಾರಿ ಸಿಕ್ಕಿತು, ಮನೆಗಳು ದೊಡ್ಡದಾದವು, ಮಕ್ಕಳ ಸಂಖ್ಯೆ ಇಳಿಯಿತು. ಈಗ ನಮ್ಮಲ್ಲಿ ದಿನಗೂಲಿಯವರ ಮಧ್ಯಾಹ್ನದ ಬುತ್ತಿಯನ್ನು ನೋಡಿ. ರೊಟ್ಟಿ ಅಥವಾ ಅನ್ನ, ಉಪ್ಪಿನಕಾಯಿ, ಒಂದು ಚೂರು ಚಟ್ನಿಪುಡಿ. ಕಿಲೋ ಟೊಮೆಟೊ ಬೆಲೆ ಏರಿದ ವಾರ ಸಾರು ತೆಳ್ಳಗಾಗುತ್ತದೆ. ಹಣ್ಣು ಹಬ್ಬಕ್ಕೆ. ‘ಉಪ್ಪು ಕಡಿಮೆ ಮಾಡಿ, ಹಣ್ಣು ಹೆಚ್ಚು ತಿನ್ನಿ’ ಅನ್ನುವ ಸಲಹೆ ಸರಿಯಾದದ್ದೇ. ಆದರೆ ರುಚಿಗೆ ಬೇರೇನೂ ಇಲ್ಲದ ತಟ್ಟೆಯಲ್ಲಿ ಉಪ್ಪೇ ಅನ್ನವನ್ನು ಗಂಟಲಲ್ಲಿ ಇಳಿಸುವುದು, ಅಲ್ವಾ?

ಬೀಡಿ, ಸಿಗರೇಟು ಇದಕ್ಕೆ ಇನ್ನಷ್ಟು ಸೇರಿಸುತ್ತವೆ. ರಬ್ಬರ್ ತಯಾರಿಕೆಯ ಕಾರ್ಖಾನೆಗಳ ಕೆಲಸವೂ ಅಪಾಯದ ಪಟ್ಟಿಯಲ್ಲಿದೆ.

ಇಷ್ಟು ಕಾಯಿಲೆ ಬರುವ ಮುಂಚಿನ ಮಾತು. ಬಂದ ಮೇಲೆ ಇನ್ನೊಂದು ಅಸಮಾನತೆ ಶುರುವಾಗುತ್ತದೆ, ಅದು ಇನ್ನೂ ಕ್ರೂರ.

ಹೊಟ್ಟೆಯ ಕ್ಯಾನ್ಸರ್ ಮೊದಲ ಹಂತದಲ್ಲಿ ಸದ್ದೇ ಮಾಡುವುದಿಲ್ಲ. ಸ್ವಲ್ಪ ಉರಿ, ಸ್ವಲ್ಪ ಉಬ್ಬರ, ಊಟ ಬೇಡ ಅನ್ನಿಸುವುದು. ನಮ್ಮಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಅಂದುಬಿಡುತ್ತೇವೆ. ಮೆಡಿಕಲ್ ಶಾಪಿಗೆ ಹೋದರೆ ಗುಳಿಗೆ ಕೊಡುತ್ತಾರೆ. ಉರಿ ಕಡಿಮೆಯಾಗುತ್ತದೆ, ಕೂಲಿಗೆ ಹೋಗಬಹುದು. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬರುವವರ ಕೂಲಿಯೂ ಹೋಯಿತು. ಬಸ್ ಚಾರ್ಜು ಬೇರೆ. ಹೀಗೆ ಗುಳಿಗೆಯ ಮೇಲೆ ಆರು ತಿಂಗಳು, ವರ್ಷ ಕಳೆಯುತ್ತದೆ. ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದಿದ್ದಾಗ, ಪ್ಯಾಂಟು ಸೊಂಟದಿಂದ ಜಾರತೊಡಗಿದಾಗ ಆಸ್ಪತ್ರೆಗೆ ಬರುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಕಾಯಿಲೆ ಗೊತ್ತಾಗುವುದು ಆ ಹೊತ್ತಿಗೇ.

ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಪರೀಕ್ಷೆ, ಎಂಡೋಸ್ಕೋಪಿ ಅಂದರೆ ಜನ ಹೆದರುತ್ತಾರೆ. ಅಷ್ಟು ಹೆದರುವಂಥದ್ದು ಏನಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ. ಎಡ ಮಗ್ಗುಲಿಗೆ ಮಲಗಿಸಿ, ಬೆರಳು ದಪ್ಪದ ಬಳುಕುವ ಕೊಳವೆಯನ್ನು ಬಾಯಿಂದ ಇಳಿಸುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಎಳ್ಳುಕಾಳಿನಷ್ಟು ಒಳಪದರವನ್ನು ಚಿವುಟಿ ತೆಗೆದು ಒಂದು ಹಳದಿ ಜೆಲ್ಲಿನಲ್ಲಿ ಇಡುತ್ತಾರೆ. ಎಚ್ ಪೈಲೋರಿ ಇದ್ದರೆ ಆ ಹಳದಿ ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಹಾಗಾಗುತ್ತದೆ. ಆಮ್ಲದ ನಡುವೆ ಅದು ಬದುಕುವುದೂ ಇದೇ ಅಮೋನಿಯಾದ ಬಲದಿಂದ.

ದಕ್ಷಿಣ ಕೊರಿಯಾ ಏನು ಮಾಡಿತು ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆ 1999ರಲ್ಲಿ ಶುರುವಾಯಿತು. ಯಾರಿಂದ ಶುರು ಮಾಡಿದರು ಗೊತ್ತಾ? ಸರ್ಕಾರದ ವೈದ್ಯಕೀಯ ನೆರವಿನ ಮೇಲೆ ಇದ್ದ ತೀರಾ ಬಡವರಿಂದ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲಿನವರಿಗೆ ವಿಸ್ತರಿಸಿದರು. ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಹೊಟ್ಟೆಯ ತಪಾಸಣೆ. ಈಗ ಅಲ್ಲಿ ಹೊಟ್ಟೆಯ ಕ್ಯಾನ್ಸರ್ ಬಂದ ನಾಲ್ವರಲ್ಲಿ ಮೂವರು ಐದು ವರ್ಷ ದಾಟುತ್ತಾರೆ. ತೈವಾನಿನ ಮಾತ್ಸು ದ್ವೀಪಗಳು ಮೀನುಗಾರರ ನೆಲ. ಅಲ್ಲಿ 2004ರಿಂದ ಇಡೀ ಜನರನ್ನು ಪರೀಕ್ಷಿಸಿ, ಎಚ್ ಪೈಲೋರಿ ಇದ್ದವರಿಗೆಲ್ಲ ಔಷಧಿ ಕೊಟ್ಟರು. ಹೊಸ ಕ್ಯಾನ್ಸರ್ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಇದನ್ನೇ ತಂದು ಇಲ್ಲಿ ಇಟ್ಟುಬಿಡಿ ಅಂತ ನಾನು ಹೇಳಲಾರೆ. ನಮ್ಮಲ್ಲಿ ಸೋಂಕು ಅಷ್ಟು ಹರಡಿದೆ. ಎಲ್ಲರಿಗೂ ಎರಡು ವಾರ ಆ್ಯಂಟಿಬಯಾಟಿಕ್ ಕೊಟ್ಟರೆ, ಈಗಾಗಲೇ ಹಲವು ಔಷಧಿಗೆ ಬಗ್ಗದ ಈ ಬ್ಯಾಕ್ಟೀರಿಯಾ ಇನ್ನಷ್ಟು ಮೊಂಡಾಗುತ್ತದೆ. ಔಷಧಿ ಮುಗಿಸಿ ಅದೇ ಶೆಡ್ಡಿಗೆ, ಅದೇ ಡ್ರಮ್ಮಿಗೆ ವಾಪಸಾದರೆ ಸೋಂಕು ಮತ್ತೆ ತಗಲಬಹುದು. ನಮಗೆ ಮೊದಲು ಬೇಕಾದದ್ದು ನಲ್ಲಿ, ಆ ನಲ್ಲಿಯಲ್ಲಿ ದಿನಾ ನೀರು, ಉಸಿರಾಡುವಷ್ಟು ಜಾಗ ಇರುವ ಮನೆ. ಜೊತೆಗೆ, ತಾಲ್ಲೂಕು ಆಸ್ಪತ್ರೆಗೆ ಹತ್ತಿರದಲ್ಲೇ ಎಂಡೋಸ್ಕೋಪಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಇದು ದೊಡ್ಡ ಆಸರೆ. ಆದರೆ ಆ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಮೇಲಿನದು. ಕಾಯಿಲೆಯನ್ನು ಬೇಗ ಹಿಡಿಯುವ ಮೊದಲ ಪರೀಕ್ಷೆ, ಅದಕ್ಕೆ ಓಡಾಡುವ ದಿನಗಳ ಕೂಲಿ, ಇವೆಲ್ಲ ಬಡವರ ಜೇಬಿನ ಮೇಲೆಯೇ ಬೀಳುತ್ತವೆ. ಅಲ್ಲೇ ಅವರು ಸೋಲುವುದು.

ಕೊನೆಗೆ, ಈಗ ಕೇಳುತ್ತಿರುವ ನಿಮಗೆ ಕೆಲಸಕ್ಕೆ ಬರುವ ಒಂದೆರಡು ವಿಷಯ ಹೇಳಿಬಿಡುತ್ತೇನೆ. ನಲವತ್ತೈದು ದಾಟಿದ ಮೇಲೆ ಹೊಟ್ಟೆ ಉರಿ ಹೊಸದಾಗಿ ಶುರುವಾಗಿದ್ದರೆ, ಸುಮ್ನೆ ಗುಳಿಗೆ ನುಂಗುತ್ತಾ ಕೂರಬೇಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾದರೆ, ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ, ರಕ್ತ ಕಡಿಮೆ ಅಂತ ಹೇಳಿದರೆ, ವಯಸ್ಸು ಎಷ್ಟೇ ಇರಲಿ ತೋರಿಸಿ. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಬಂದರೆ ಅದೇ ದಿನ ಹೋಗಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮರೆಯದೆ ಹೇಳಿ. ಎಂಡೋಸ್ಕೋಪಿ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ. ಎಚ್ ಪೈಲೋರಿಗೆ ಔಷಧಿ ಬರೆದುಕೊಟ್ಟರೆ, ಉರಿ ಕಡಿಮೆಯಾಯಿತು ಅಂತ ನಾಲ್ಕೇ ದಿನಕ್ಕೆ ಬಿಡಬೇಡಿ. ಬರೆದಷ್ಟು ದಿನವೂ ಪೂರ್ತಿ ತೆಗೆದುಕೊಳ್ಳಿ.

ನಮಸ್ಕಾರ.